ಕೆಂಪು ಅಕ್ಷರ ಕಂಡ ಕೂಡಲೇ ಹೆದರುವುದು ಬೇಡ
(ಮಕ್ಕಳ ಕಂಪ್ಯೂಟರ್ ಕಲಿಕೆ: ತಾಯಂದಿರಿಗೆ ಮಾಹಿತಿ)



ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಸ್ವಸಹಾಯ ಸಂಘಗಳಲ್ಲಿ ಸಾಲ ತೆಗೆದು ಮಕ್ಕಳನ್ನು ಕಂಪ್ಯೂಟರ್ ಕೋರ್ಸಿಗೆ ಸೇರಿಸಿದವರು, ಲ್ಯಾಪ್‌ಟಾಪ್ ಕೊಡಿಸಿದವರು ಇದ್ದಾರೆ. ಈ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪೆನಿ 1996ರಲ್ಲೇ ನಮ್ಮ ಉಡುಪಿಯಲ್ಲಿ ಶುರುವಾಯಿತು. ಆದರೆ ಕಲಿಯುವ ಹೊತ್ತಿನಲ್ಲಿ ಪರದೆ ತುಂಬ ಕೆಂಪು ಅಕ್ಷರ ಬಂದಾಗ, "ನನ್ಹತ್ರ ಇದೆಲ್ಲ ಆತಿಲ್ಲ ಅಮ್ಮ" ಎಂದು ಮಕ್ಕಳು ಕೈಚೆಲ್ಲುವುದುಂಟು. ಎಷ್ಟೋ ಸಲ ಅವರು ಬರೆದದ್ದರಲ್ಲಿ ತಪ್ಪೇ ಇರುವುದಿಲ್ಲ. ಹಾಗಾದರೆ ಕೆಂಪು ಅಕ್ಷರ ಎಂತಕ್ಕೆ ಬಂತು? ಇದನ್ನು ತಾಯಂದಿರು ತಿಳಿದಿದ್ದರೆ ಒಳ್ಳೆಯದು.

ಯೂನಿಟ್ ಟೆಸ್ಟ್ ಎಂದರೇನು?

ಜಾವಾಸ್ಕ್ರಿಪ್ಟ್ ಎಂಬುದು 1995ರಲ್ಲಿ ಹುಟ್ಟಿದ ಕಂಪ್ಯೂಟರ್ ಭಾಷೆ. ನಾವು ಮೊಬೈಲಿನಲ್ಲಿ ನೋಡುವ ಹೆಚ್ಚಿನ ವೆಬ್ ಪುಟಗಳಲ್ಲಿ ಅದೇ ಕೆಲಸ ಮಾಡುತ್ತದೆ. ನಿಮ್ಮ ಮಗಳು ಸಂಘದ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದಳು ಎಂದಿಟ್ಟುಕೊಳ್ಳಿ. 5,000 ರೂಪಾಯಿ ಸಾಲಕ್ಕೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ 50 ರೂಪಾಯಿ ಬರಬೇಕು. 500 ಬಂದರೆ ಸಂಘದಲ್ಲಿ ಜಗಳವೇ ಆದೀತು! ಹಾಗಾಗಿ ಬಡ್ಡಿ ಲೆಕ್ಕದ ಆ ಒಂದು ಚಿಕ್ಕ ಭಾಗವನ್ನು ಮಾತ್ರ ಬೇರೆಯಾಗಿ ಪರೀಕ್ಷೆ ಮಾಡುತ್ತಾರೆ. ಇದೇ ಯೂನಿಟ್ ಟೆಸ್ಟ್. ಈ ಪರೀಕ್ಷೆ ನಡೆಸಿಕೊಡಲು ಜೆಸ್ಟ್, ಮೋಕಾ, ಜಾಸ್ಮಿನ್ ಎಂಬ ಸಿದ್ಧ ಸಲಕರಣೆಗಳಿವೆ. ಇವಕ್ಕೆ ಫ್ರೇಮ್‌ವರ್ಕ್ ಎನ್ನುತ್ತಾರೆ.

ಚೀಟಿ ಬಂತು, ಸಾಮಾನು ಬರಲಿಲ್ಲ

ನಿಮ್ಮ ಗುಂಪು ಒಂದು ಸಮಾರಂಭಕ್ಕೆ ಅಡುಗೆ ಒಪ್ಪಿಕೊಂಡಿದೆ. ದಿನಸಿ ಚೀಟಿ ಇದೆ, ಆದರೆ ಅಂಗಡಿಯಿಂದ ಸಾಮಾನು ಬಂದಿಲ್ಲ. ಆಗ ಕೋಳಿ ಸಾರು ಆಗದಿದ್ದರೆ ಅಡುಗೆಯವಳಿಗೆ ಕೆಲಸ ಬಾರದು ಎಂದು ಹೇಳಬಹುದೇ?

ಜಾವಾಸ್ಕ್ರಿಪ್ಟಿನಲ್ಲೂ ಹೀಗೆಯೇ. ಬೇರೆಯವರು ಬರೆದಿಟ್ಟ ಸಾವಿರಾರು ಚಿಕ್ಕ ತುಂಡುಗಳನ್ನು ತಂದು ಬಳಸುತ್ತಾರೆ. ಅವುಗಳಿಗೆ ಡಿಪೆಂಡೆನ್ಸಿ ಎಂದು ಹೆಸರು. ಪ್ಯಾಕೇಜ್ ಡಾಟ್ ಜೇಸನ್ ಎಂಬ ಕಡತ ಅದರ ದಿನಸಿ ಚೀಟಿ. ಎನ್‌ಪಿಎಂ ಅಂಗಡಿ ಇದ್ದ ಹಾಗೆ. ತಂದ ಸಾಮಾನು ಇಡುವ ಉಗ್ರಾಣ ನೋಡ್ ಮಾಡ್ಯೂಲ್ಸ್ ಎಂಬ ಫೋಲ್ಡರ್. ಕಾಲೇಜಿನ ಕಂಪ್ಯೂಟರಿನಿಂದ ಮನೆಗೆ ಕೆಲಸ ತರುವಾಗ ಸಾಮಾನ್ಯವಾಗಿ ಚೀಟಿ ಬರುತ್ತದೆ, ಉಗ್ರಾಣ ಬರುವುದಿಲ್ಲ. ಆಗ "ಕ್ಯಾನಾಟ್ ಫೈಂಡ್ ಮಾಡ್ಯೂಲ್" ಎಂದು ಕೆಂಪು ಅಕ್ಷರ ಬರುತ್ತದೆ. ಅಂದರೆ, ಇಂಥ ಸಾಮಾನು ಸಿಗಲಿಲ್ಲ ಎಂದರ್ಥ. ಪರೀಕ್ಷೆಯಲ್ಲಿ ಫೇಲ್ ಆದದ್ದಲ್ಲ, ಪರೀಕ್ಷೆ ಶುರುವೇ ಆಗಿಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯುವುದೇ ಮುಖ್ಯ.

ಸರಿಪಡಿಸುವುದು ಹೇಗೆ?

1. ಕೆಂಪು ಅಕ್ಷರದ ಮೊದಲ ಕೆಲವು ಸಾಲುಗಳನ್ನು ನಿಧಾನ ಓದಬೇಕು. ಯಾವುದು ಸಿಗಲಿಲ್ಲವೋ ಅದರ ಹೆಸರು ಹೆಚ್ಚಾಗಿ ಅಲ್ಲೇ ಇರುತ್ತದೆ.

2. ಆ ಹೆಸರು ಚುಕ್ಕಿ ಮತ್ತು ಓರೆಗೆರೆಯಿಂದ ಶುರುವಾದರೆ ಅದು ಅಂಗಡಿಯ ಸಾಮಾನಲ್ಲ, ಮಗಳದ್ದೇ ಕಡತ. ಹೆಸರೋ ಜಾಗವೋ ತಪ್ಪಿರುತ್ತದೆ. ಅದನ್ನು ತಿದ್ದಿದರೆ ಸಾಕು.

3. ಅಂಗಡಿಯ ಸಾಮಾನಾದರೆ, ಚೀಟಿ ಇರುವ ಫೋಲ್ಡರಿನಲ್ಲೇ ನಿಂತು "ಎನ್‌ಪಿಎಂ ಇನ್‌ಸ್ಟಾಲ್" ಎಂದು ಆಜ್ಞೆ ಕೊಡಬೇಕು. ಚೀಟಿಯಲ್ಲಿ ಇದ್ದದ್ದೆಲ್ಲ ಬರುತ್ತದೆ.

4. ಚೀಟಿಯಲ್ಲೇ ಬರೆಯದೆ ಬಿಟ್ಟಿದ್ದರೆ, ಆ ಹೆಸರು ಸೇರಿಸಿ ತರಿಸಬೇಕು. ಪರೀಕ್ಷೆಗೆ ಮಾತ್ರ ಬೇಕಾದದ್ದಾದರೆ "ಸೇವ್ ಡೆವ್" ಎಂಬ ಸೂಚನೆ ಕೊಡಬೇಕು. ಆಗ ಹೆಸರು ಚೀಟಿಯಲ್ಲಿ ತಾನಾಗಿ ದಾಖಲಾಗುತ್ತದೆ. ಮುಂದೆ ಗೆಳತಿಯರಿಗೂ ತೊಂದರೆ ಇಲ್ಲ.

5. ನೆಟ್‌ವರ್ಕ್ ನಡುವೆ ಕಡಿದು ಅರ್ಧಂಬರ್ಧ ಬಂದಿದ್ದರೆ, ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಹೊಸದಾಗಿ ತರಿಸಬಹುದು. ಚೀಟಿಯನ್ನು ಮಾತ್ರ ಅಳಿಸಬಾರದು!

ಹಳೆ ಪುಸ್ತಕ, ಹೊಸ ಸಾಮಾನು

ಮೆಣಸು ಎಂದು ಬರೆದರೆ ಸಾಲದು. ಬ್ಯಾಡಗಿ ಮೆಣಸೋ ಗುಂಟೂರು ಮೆಣಸೋ ಎಂಬುದರ ಮೇಲೆ ಸಾರಿನ ರುಚಿಯೇ ಬೇರೆ. ಹಾಗೆಯೇ ಪ್ರತಿ ತುಂಡಿಗೂ ಆವೃತ್ತಿಯ ಸಂಖ್ಯೆ ಇರುತ್ತದೆ. ಒಂದು ಉದಾಹರಣೆ: ವೆಬ್ ಪುಟದ ಪರೀಕ್ಷೆಗೆ ಬೇಕಾದ ಜೆಎಸ್‌ಡಾಮ್ ಎಂಬ ಭಾಗ ಮೊದಲು ಜೆಸ್ಟ್ ಜೊತೆಗೇ ಬರುತ್ತಿತ್ತು. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಅದನ್ನು ಬೇರೆಯಾಗಿ ತರಿಸಬೇಕು. ಹಳೆಯ ಪುಸ್ತಕ ನೋಡಿ ಕಲಿಯುವ ಮಗು ಎಲ್ಲವನ್ನೂ ಸರಿಯಾಗಿ ಬರೆದರೂ ಇಲ್ಲಿ ಸಿಕ್ಕಿಬೀಳುತ್ತದೆ. ಯಾವ ಆವೃತ್ತಿ ತಂದಿದೆ ಎಂಬುದನ್ನು ಪ್ಯಾಕೇಜ್ ಲಾಕ್ ಎಂಬ ಕಡತ ನೆನಪಿಡುತ್ತದೆ. ಅದನ್ನೂ ಜೊತೆಗೆ ಒಯ್ಯಬೇಕು.

ದೊಡ್ಡವರಿಗೂ ತಪ್ಪಿದ್ದಲ್ಲ

2016ರ ಮಾರ್ಚ್ 22ರಂದು ಲೆಫ್ಟ್-ಪ್ಯಾಡ್ ಎಂಬ ಬರೀ 11 ಸಾಲಿನ ತುಂಡನ್ನು ಅದನ್ನು ಬರೆದವರೇ ಎನ್‌ಪಿಎಂನಿಂದ ತೆಗೆದುಬಿಟ್ಟರು. ಅದನ್ನೇ ನಂಬಿದ್ದ ಸಾವಿರಾರು ಪ್ರಾಜೆಕ್ಟುಗಳ ಕೆಲಸ ಜಗತ್ತಿನಾದ್ಯಂತ ನಿಂತಿತು. ಸುಮಾರು ಎರಡು ಗಂಟೆಯ ನಂತರ ಅದನ್ನು ಮರಳಿ ಇಟ್ಟ ಮೇಲೆಯೇ ಸರಿಯಾಯಿತು. ದೊಡ್ಡ ದೊಡ್ಡ ಎಂಜಿನಿಯರುಗಳ ಪರದೆಯ ಮೇಲೂ ಅಂದು ಕೆಂಪು ಅಕ್ಷರವೇ ಬಂದದ್ದು.

ಒಂದು ಎಚ್ಚರಿಕೆಯೂ ಬೇಕು. ಹೆಸರಿನಲ್ಲಿ ಒಂದಕ್ಷರವೂ ತಪ್ಪಬಾರದು. 2017ರಲ್ಲಿ ಕ್ರಾಸ್-ಎನ್ವ್ ಎಂಬ ಒಳ್ಳೆಯ ತುಂಡಿನ ಹೆಸರಿನಿಂದ ನಡುವಿನ ಗೆರೆ ಮಾತ್ರ ತೆಗೆದು, ಗುಟ್ಟಿನ ಮಾಹಿತಿ ಕದಿಯುವ ನಕಲಿಯೊಂದನ್ನು ಎನ್‌ಪಿಎಂನಲ್ಲಿ ಇಟ್ಟಿದ್ದರು.

ಪ್ರಿಯ ಸದಸ್ಯೆಯರೇ, ಇದನ್ನೆಲ್ಲ ನೀವೇ ಕೂತು ಮಾಡಬೇಕೆಂದಿಲ್ಲ. ಮಗಳು ಸೋತ ಮುಖ ಮಾಡಿ ಕುಳಿತಾಗ, "ಎಂತ ಸಿಗಲಿಲ್ಲ ಅಂತ ಬರೆದಿದೆ, ಓದು ಕಾಂಬ" ಎಂದು ಪಕ್ಕದಲ್ಲಿ ಕೂತರೆ ಸಾಕು. ಅರ್ಧ ಕೆಲಸ ಅಲ್ಲಿಗೇ ಆಯಿತು.

ಸಂಘದ ಸಭೆಯಲ್ಲಿ ಚರ್ಚಿಸಿ:
* ನಮ್ಮ ಸಂಘದ ಯಾರ ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ?
* ಕೋರ್ಸು ಅರ್ಧಕ್ಕೆ ಬಿಟ್ಟ ಮಕ್ಕಳಿದ್ದರೆ ನಿಜವಾದ ಕಾರಣ ಏನು?
* ಮುಂದೆ ಕಲಿತ ಮಕ್ಕಳು ವಾರಕ್ಕೊಂದು ದಿನ ಉಳಿದವರಿಗೆ ಹೇಳಿಕೊಡಬಹುದೇ?