ಕೀಚೈನ್ ರಿಮೋಟ್: ಗುಂಡಿ ನಿಮ್ಮ ಕೈಯಲ್ಲಿ, ಬೀಗ ಯಾರ ಕೈಯಲ್ಲಿ?

ಸೊಲ್ಲಾಪುರ: ಜೇಬಿನಲ್ಲಿರುವ ಕೀಲಿಗೊಂಚಲನ್ನು ಒಮ್ಮೆ ಹೊರತೆಗೆದು ನೋಡಿ. ಕೀಲಿಗಳಿಗಿಂತ ಗುಂಡಿಗಳೇ ಹೆಚ್ಚಾಗಿರಬಹುದು. ಕಾರಿಗೊಂದು ರಿಮೋಟ್, ಬೈಕಿನ ಅಲಾರಂಗೊಂದು, ಅಂಗಡಿಯ ಶಟರ್‌ಗೊಂದು, ಮನೆಯ ಗೇಟಿಗೆ ಇನ್ನೊಂದು. ಇವುಗಳಲ್ಲಿ ಹಲವನ್ನು ಒಂದೇ ರಿಮೋಟಿಗೆ ಇಳಿಸಿಕೊಡುವ ನಾಲ್ಕು ಗುಂಡಿಯ 'ಕಾಪಿ ರಿಮೋಟ್' ಕೂಡ ಬಂದಿದೆ. ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯಿಂದ ನವಿ ಪೇಠಕ್ಕೆ ಖರೀದಿಗೆ ಬರುವವರು ಇಂಥದ್ದೊಂದನ್ನು ಕೊಳ್ಳುವಾಗ ಕೇಳುವುದು ಎರಡೇ ಪ್ರಶ್ನೆ: ರೇಟು ಎಷ್ಟು, ಎಷ್ಟು ದೂರದಿಂದ ಕೆಲಸ ಮಾಡುತ್ತದೆ?

ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಇದರ ಕೋಡ್ ಸದಾ ಒಂದೇ ಇರುತ್ತದೆಯೋ, ಪ್ರತಿ ಸಲ ಬದಲಾಗುತ್ತದೆಯೋ? ನಿಮ್ಮ ಬಾಗಿಲು ನಿಮ್ಮೊಬ್ಬರಿಗೇ ತೆರೆಯುತ್ತದೆಯೇ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಒಳಗೆ ಏನಿದೆ?

ಟಿವಿ ರಿಮೋಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಳಸುತ್ತದೆ. ನಡುವೆ ಯಾರಾದರೂ ನಿಂತರೆ ಕೆಲಸ ನಿಲ್ಲುತ್ತದೆ. ಕೀಚೈನ್ ರಿಮೋಟ್ ಬಳಸುವುದು ರೇಡಿಯೋ ತರಂಗವನ್ನು. ಅದಕ್ಕೆ ಗೋಡೆ, ಬಾಗಿಲು ದೊಡ್ಡ ಅಡ್ಡಿಯಲ್ಲ. ನಮ್ಮಲ್ಲಿ ಸಿಗುವ ಬಹುಪಾಲು ರಿಮೋಟ್‌ಗಳು 433.92 ಮೆಗಾಹರ್ಟ್ಜ್‌ನಲ್ಲಿ, ಕೆಲವು 315 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ 433ರಿಂದ 434 ಮೆಗಾಹರ್ಟ್ಜ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಇಲ್ಲದೆ ಬಳಸಲು ಅವಕಾಶವಿದೆ. ರಿಮೋಟ್ ಮತ್ತು ರಿಸೀವರ್ ಎರಡೂ ಒಂದೇ ಫ್ರೀಕ್ವೆನ್ಸಿಯವು ಇರಬೇಕು. 315ರ ರಿಮೋಟಿಗೆ 433ರ ರಿಸೀವರ್ ಓಗೊಡುವುದಿಲ್ಲ.

ಗುಂಡಿ ಒತ್ತಿದಾಗ ರಿಮೋಟ್ ಒಂದು ಸಂಖ್ಯೆಯನ್ನು ಗಾಳಿಗೆ ಬಿಡುತ್ತದೆ. ಗೇಟಿನ ಬಳಿ ಇರುವ ರಿಸೀವರ್ 'ಇದು ನನಗೆ ಗೊತ್ತಿರುವ ಸಂಖ್ಯೆ' ಎಂದು ಗುರುತಿಸಿದರೆ ರಿಲೇ ಕೂರುತ್ತದೆ, ಮೋಟರ್ ಓಡುತ್ತದೆ. ರಿಸೀವರ್ ನಿಮ್ಮನ್ನು ಗುರುತಿಸುವುದಿಲ್ಲ, ಆ ಸಂಖ್ಯೆಯನ್ನು ಮಾತ್ರ ಗುರುತಿಸುತ್ತದೆ. ಅದು ಯಾರಿಗೆ ಸಿಕ್ಕಿತೋ ಅವರೇ ಯಜಮಾನರು.

ಒಂದೇ ಮಾತು ಆಡುವ ರಿಮೋಟ್

ಅಗ್ಗದ ರಿಮೋಟ್‌ಗಳಲ್ಲಿ ಈ ಸಂಖ್ಯೆ ಎಂದೂ ಬದಲಾಗುವುದಿಲ್ಲ. ಇದಕ್ಕೆ 'ಫಿಕ್ಸೆಡ್ ಕೋಡ್' ಎನ್ನುತ್ತಾರೆ. ಹಳೆಯ ಮಾದರಿಯಲ್ಲಿ ಪಿಟಿ 2262 ಎಂಬ ಚಿಪ್ ಇರುತ್ತದೆ. ನಾಲ್ಕು ಗುಂಡಿಯ ರಿಮೋಟಿನಲ್ಲಿ ಇದರ ಎಂಟು ಕಾಲುಗಳು ವಿಳಾಸಕ್ಕೆ ಮೀಸಲು. ಒಂದೊಂದು ಕಾಲಿಗೆ ಮೂರು ಸ್ಥಿತಿ, ಆದ್ದರಿಂದ ಒಟ್ಟು 6561 ವಿಳಾಸಗಳಷ್ಟೇ ಸಾಧ್ಯ. ಜೋಡಿಸುವವರು ಆ ಕಾಲುಗಳನ್ನು ಬಂದಂತೆಯೇ ಖಾಲಿ ಬಿಟ್ಟರೆ, ಅದೇ ಮಾಲು ಕೊಂಡ ಪಕ್ಕದ ಮನೆಯವರ ಗುಂಡಿಗೆ ನಿಮ್ಮ ಗೇಟೂ ತೆರೆದುಕೊಳ್ಳಬಹುದು.

ಹೊಸ ಮಾದರಿಯ ಇವಿ 1527 ಚಿಪ್‌ನಲ್ಲಿ 20 ಬಿಟ್‌ಗಳ ಗುರುತು ಸಂಖ್ಯೆ ಕಾರ್ಖಾನೆಯಲ್ಲೇ ಅಚ್ಚಾಗಿ ಬರುತ್ತದೆ. ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಸಂಖ್ಯೆಗಳು. ನೆರೆಯವರ ರಿಮೋಟ್ ಆಕಸ್ಮಿಕವಾಗಿ ಹೊಂದುವ ಭಯ ಕಡಿಮೆ. ಆದರೂ ಪ್ರತಿ ಸಲ ಹೊರಡುವುದು ಅದೇ ಸಂಖ್ಯೆ. ಒಮ್ಮೆ ಕೇಳಿಸಿಕೊಂಡ ಉಪಕರಣ ಅದನ್ನು ಹಾಗೆಯೇ ತಿರುಗಿ ಹೇಳಬಲ್ಲದು. ಕಾಪಿ ರಿಮೋಟ್ ಮಾಡುವುದೂ ಇದನ್ನೇ.

ಪ್ರತಿ ಸಲ ಹೊಸ ಮಾತು

ಇದಕ್ಕೆ ಪರಿಹಾರವಾಗಿ ಬಂದದ್ದು 'ರೋಲಿಂಗ್ ಕೋಡ್'. ದಕ್ಷಿಣ ಆಫ್ರಿಕದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕೀಲಾಕ್ ಎಂಬ ವಿಧಾನವನ್ನು ಅಮೆರಿಕದ ಮೈಕ್ರೋಚಿಪ್ ಕಂಪನಿ 1995ರಲ್ಲಿ ಕೊಂಡುಕೊಂಡಿತು. ಇಲ್ಲಿ ರಿಮೋಟ್ ಮತ್ತು ರಿಸೀವರ್ ಎರಡರಲ್ಲೂ ಒಂದು ರಹಸ್ಯ ಕೀಲಿ ಮತ್ತು ಎಣಿಕೆ ಇರುತ್ತದೆ. ಗುಂಡಿ ಒತ್ತಿದಂತೆಲ್ಲ ಎಣಿಕೆ ಒಂದು ಮುಂದೆ ಹೋಗುತ್ತದೆ, ಅದನ್ನು ರಹಸ್ಯ ಕೀಲಿಯಿಂದ ಕಲಸಿ ಕಳಿಸಲಾಗುತ್ತದೆ. ನಿನ್ನೆಯ ಮಾತನ್ನು ಇಂದು ಹೇಳಿದರೆ ರಿಸೀವರ್ ಕೇಳುವುದಿಲ್ಲ.

ಮಕ್ಕಳು ಮನೆಯಲ್ಲಿ ರಿಮೋಟ್ ಹಿಡಿದು ಸುಮ್ಮನೆ ಒತ್ತುತ್ತಾ ಕೂತರೆ? ಎಣಿಕೆ ಮುಂದೆ ಓಡಿರುತ್ತದೆ, ರಿಸೀವರ್ ಹಿಂದೆಯೇ ಉಳಿದಿರುತ್ತದೆ. ಸಾಮಾನ್ಯವಾಗಿ 16 ಹೆಜ್ಜೆಯವರೆಗಿನ ವ್ಯತ್ಯಾಸವನ್ನು ರಿಸೀವರ್ ತಾನೇ ಸರಿಪಡಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಹತ್ತಿರ ನಿಂತು ಎರಡು ಸಲ ಒತ್ತಿ, ಬಹುತೇಕ ಸರಿಹೋಗುತ್ತದೆ. ರಿಮೋಟ್ ಕೆಟ್ಟಿತೆಂದು ಎಸೆಯುವ ಮೊದಲು ಇದನ್ನು ಮಾಡಿ ನೋಡಿ.

ರೋಲಿಂಗ್ ಕೋಡ್ ಕೂಡ ವಜ್ರದ ಕೋಟೆಯೇನಲ್ಲ. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಕೀಲಾಕ್‌ನ ರಹಸ್ಯ ಕೀಲಿಯನ್ನು ಹೊರತೆಗೆದು ತೋರಿಸಿದರು. ಅಮೆರಿಕದ ಸಂಶೋಧಕ ಸ್ಯಾಮಿ ಕಾಮ್ಕರ್ 2015ರಲ್ಲಿ ಒಂದು ಸಣ್ಣ ಯಂತ್ರ ತೋರಿಸಿದರು. ನೀವು ಒತ್ತಿದ ಮೊದಲ ಕೋಡನ್ನು ಅದು ತಡೆದು ಕದ್ದಿಟ್ಟುಕೊಳ್ಳುತ್ತದೆ. ನೀವು ಮತ್ತೆ ಒತ್ತಿದಾಗ ಎರಡನೆಯದನ್ನೂ ಕದ್ದು, ಮೊದಲನೆಯದನ್ನು ಕಳಿಸಿ ಬಾಗಿಲು ತೆರೆಯುತ್ತದೆ. ಬಳಸದೆ ಉಳಿದ ಕೋಡ್ ಕಳ್ಳನ ಬಳಿ ಇರುತ್ತದೆ. ಆದರೆ ಇಂಥದ್ದಕ್ಕೆ ಜಾಣತನ, ಸಲಕರಣೆ, ಸಮಯ ಎಲ್ಲ ಬೇಕು. ಫಿಕ್ಸೆಡ್ ಕೋಡ್ ಕದಿಯಲು ಒಂದು ಕಾಪಿ ರಿಮೋಟ್ ಮತ್ತು ಒಂದು ನಿಮಿಷ ಸಾಕು.

ಕಾಪಿ ಮಾಡಿಸುವ ಮುನ್ನ

ಇಲ್ಲಿ ಹಲವರು ಎಡವುವ ಒಂದು ಸೂಕ್ಷ್ಮವಿದೆ. ಅಂಗಡಿಯ ಕೆಲಸದ ಹುಡುಗ ಬಿಟ್ಟುಹೋದ ಅಥವಾ ಬಾಡಿಗೆದಾರರು ಮನೆ ಖಾಲಿ ಮಾಡಿದರು ಎನ್ನಿ. ರಿಸೀವರ್‌ನ 'ಲರ್ನ್' ಬಟನ್ ಒತ್ತಿಹಿಡಿದು ಹಳೆಯ ನೆನಪನ್ನೆಲ್ಲ ಅಳಿಸಿ, ನಿಮ್ಮ ರಿಮೋಟನ್ನು ಮತ್ತೆ ಕಲಿಸುತ್ತೀರಿ. ಎಲ್ಲ ಸುರಕ್ಷಿತ ಎಂದುಕೊಳ್ಳುತ್ತೀರಿ. ಆದರೆ ಅವರ ಕೈಯಲ್ಲಿರುವುದು ನಿಮ್ಮ ಫಿಕ್ಸೆಡ್ ಕೋಡ್ ರಿಮೋಟಿನ ನಕಲಾಗಿದ್ದರೆ ಅದರ ಸಂಖ್ಯೆಯೂ ನಿಮ್ಮದೇ. ನಿಮ್ಮದನ್ನು ಕಲಿಸಿದಾಗ ಅದನ್ನೂ ಕಲಿಸಿದಂತೆಯೇ ಆಯಿತು! ಇಂಥ ಸಂದರ್ಭದಲ್ಲಿ ಅಳಿಸಿದ ಮೇಲೆ ಹೊಸ ಸಂಖ್ಯೆಯ ಹೊಸ ರಿಮೋಟನ್ನೇ ಕಲಿಸಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಲರ್ನ್ ಬಟನ್ ಇದ್ದ ಮಾತ್ರಕ್ಕೆ ಅದು ರೋಲಿಂಗ್ ಕೋಡ್ ಅಲ್ಲ. ಇವಿ 1527 ರಿಸೀವರ್‌ಗಳಲ್ಲೂ ಆ ಬಟನ್ ಇರುತ್ತದೆ. ಖಚಿತ ಪರೀಕ್ಷೆ ಹೀಗಿದೆ: ರಿಸೀವರ್ ಮುಟ್ಟದೆ, ಅಂಗಡಿಯಲ್ಲೇ ಮಾಡಿಸಿಕೊಂಡು ಬಂದ ನಕಲು ಮನೆಯ ಗೇಟನ್ನು ತೆರೆದರೆ ನಿಮ್ಮದು ಫಿಕ್ಸೆಡ್ ಕೋಡ್.

ಮನೆಯಲ್ಲಿ: ದೀಪ, ಗೇಟು, ಪಂಪ್

ಹಾಗೆಂದು ಫಿಕ್ಸೆಡ್ ಕೋಡ್ ಬೇಡವೇ ಬೇಡ ಎಂದಲ್ಲ. ಅಂಗಳದ ದೀಪ, ಫ್ಯಾನ್, ಕರೆಗಂಟೆಗೆ ಅದು ಧಾರಾಳವಾಗಿ ಸಾಕು. ಯಾರೋ ನಿಮ್ಮ ದೀಪ ಹಚ್ಚಿದರೆ ನಷ್ಟವೇನಿಲ್ಲ. ಶಟರ್, ಮುಖ್ಯ ಬಾಗಿಲು, ವಾಹನಕ್ಕೆ ಮಾತ್ರ ರೋಲಿಂಗ್ ಕೋಡೇ ಇರಲಿ. ಜೊತೆಗೆ ಶಟರ್‌ನ ಕೆಳಗೆ ಎಂದಿನ ಬೀಗವೂ ಇರಲಿ.

ರಿಸೀವರ್‌ನಲ್ಲಿ ಸಾಮಾನ್ಯವಾಗಿ ಮೂರು ವಿಧಾನಗಳಿರುತ್ತವೆ. ಒತ್ತಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುವುದು ಗೇಟಿಗೆ ಸೂಕ್ತ. ಒಂದೇ ಗುಂಡಿಯಿಂದ ಆನ್, ಅದರಿಂದಲೇ ಆಫ್ ಆಗುವುದು ದೀಪಕ್ಕೆ ಸರಿ. ಪಂಪಿಗೆ ಮಾತ್ರ ಆನ್‌ಗೊಂದು, ಆಫ್‌ಗೊಂದು ಬೇರೆ ಗುಂಡಿಯ ವಿಧಾನವೇ ಬೇಕು. ಕಾರಣ, ಸಾಮಾನ್ಯ ರಿಮೋಟಿಗೆ ಹೇಳುವ ಬಾಯಿ ಇದೆ, ಕೇಳುವ ಕಿವಿ ಇಲ್ಲ. ದೂರದಲ್ಲಿರುವ ಪಂಪ್ ಓಡುತ್ತಿದೆಯೋ ನಿಂತಿದೆಯೋ ಅದು ತಿಳಿಸುವುದಿಲ್ಲ. ಒಂದೇ ಗುಂಡಿಯಾದರೆ ಅನುಮಾನದಿಂದ ಎರಡನೆಯ ಸಲ ಒತ್ತಿ, ನಿಂತ ಪಂಪನ್ನು ನೀವೇ ಶುರು ಮಾಡಿಬಿಡಬಹುದು. ನೀರಿಲ್ಲದೆ ಓಡಿದ ಪಂಪ್ ಸುಟ್ಟುಹೋಗುತ್ತದೆ.

ರಿಲೇ ಮೇಲೆ '10 ಆಂಪಿಯರ್' ಎಂದು ಬರೆದಿದೆ ಎಂದು ನೇರವಾಗಿ ಮೋಟರ್ ಜೋಡಿಸಬೇಡಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಓಡುವಾಗ ಆ ಮೋಟರ್ ಸುಮಾರು ಐದಾರು ಆಂಪಿಯರ್ ಎಳೆಯಬಹುದು, ಆದರೆ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಆಗ ರಿಲೇಯ ತುದಿಗಳು ಕಾದು ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ರಿಮೋಟ್ ರಿಲೇ ಒಂದು ಕಾಂಟ್ಯಾಕ್ಟರನ್ನು ನಡೆಸಲಿ, ಕಾಂಟ್ಯಾಕ್ಟರ್ ಮೋಟರನ್ನು ನಡೆಸಲಿ. ಈ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ರಿಮೋಟಿನಿಂದ ಆಫ್ ಮಾಡಿದ್ದೇನೆ ಎಂದು ವೈರ್ ಮುಟ್ಟಬೇಡಿ. ರಿಲೇ ಒಂದೇ ವೈರ್ ಕತ್ತರಿಸುತ್ತದೆ. ತಪ್ಪಾಗಿ ನ್ಯೂಟ್ರಲ್‌ಗೆ ಜೋಡಿಸಿದ್ದರೆ ಆಫ್ ಆದ ಮೇಲೂ ಫೇಸ್ ಜೀವಂತವಾಗಿರುತ್ತದೆ. ದುರಸ್ತಿಗೆ ಮುನ್ನ ಮೇನ್ ಸ್ವಿಚ್ಚೇ ಇಳಿಸಿ. ಕರೆಂಟ್ ಹೋಗಿ ಬಂದಾಗ ನಿಮ್ಮ ರಿಸೀವರ್ ಆಫ್ ಆಗಿ ಏಳುತ್ತದೋ, ಹಿಂದಿನ ಸ್ಥಿತಿಗೆ ಮರಳುತ್ತದೋ ಎಂಬುದನ್ನೂ ಕೊಂಡ ದಿನವೇ ಪರೀಕ್ಷಿಸಿ. ಶಟರ್‌ಗೆ ಕರೆಂಟ್ ಇಲ್ಲದಾಗ ಕೈಯಿಂದ ಎತ್ತುವ ವ್ಯವಸ್ಥೆ ಇರಲೇಬೇಕು.

ಗಾಡಿಯಲ್ಲಿ

ರಿಮೋಟಿನಿಂದ ಕಾರಿನ ಬಾಗಿಲು ತೆರೆಯುವ ವ್ಯವಸ್ಥೆಯನ್ನು ಫ್ರಾನ್ಸಿನ ರೆನೋ ಕಂಪನಿ 1980ರ ದಶಕದ ಆರಂಭದಲ್ಲಿ ಫ್ಯೂಗೋ ಕಾರಿನಲ್ಲಿ ತಂದಿತ್ತು. ಇಂದು ಕಾರಿನ ಜೊತೆಗೇ ಬರುವ ಕೀಲಿಯಲ್ಲಿ ಸಾಮಾನ್ಯವಾಗಿ ಎರಡು ವ್ಯವಸ್ಥೆಗಳಿರುತ್ತವೆ. ಬಾಗಿಲಿಗೆ ರೋಲಿಂಗ್ ಕೋಡ್, ಎಂಜಿನ್‌ಗೆ ಇಮೊಬಿಲೈಜರ್ ಎಂಬ ಪ್ರತ್ಯೇಕ ಚಿಪ್. ಬಾಗಿಲು ತೆರೆದರೂ ಆ ಚಿಪ್ ಇಲ್ಲದೆ ಎಂಜಿನ್ ಶುರುವಾಗದು.

ಜೇಬಿನಲ್ಲೇ ಇಟ್ಟುಕೊಂಡರೆ ಬಾಗಿಲು ತೆರೆಯುವ 'ಸ್ಮಾರ್ಟ್ ಕೀ' ಬೇರೆಯೇ ಬಗೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2011ರಲ್ಲಿ ಹತ್ತು ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಕೀಲಿಯ ಸಂಕೇತವನ್ನು ದೂರಕ್ಕೆ ದಾಟಿಸಿ ಕಾರು ತೆರೆಯಬಹುದೆಂದು ತೋರಿಸಿದರು. ಇಂಥ ಕೀಲಿಯನ್ನು ರಾತ್ರಿ ಬೀದಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕದೆ ಒಳಗಿಡಿ. ಮುಚ್ಚಳ ಭದ್ರವಾಗಿರುವ ಲೋಹದ ಡಬ್ಬಿಯಾದರೆ ಇನ್ನೂ ಒಳ್ಳೆಯದು.

ಬೈಕಿಗೆ ಹೊರಗಿನಿಂದ ಹಾಕಿಸುವ ಅಲಾರಂ ಕಿಟ್‌ಗಳಲ್ಲಿ 'ರಿಮೋಟ್ ಸ್ಟಾರ್ಟ್' ಇದ್ದರೆ ಎಚ್ಚರ. ಗೇರಿನಲ್ಲಿ ನಿಂತ ಬೈಕನ್ನು ದೂರದಿಂದ ಶುರು ಮಾಡಿದರೆ ಅದು ಮುಂದಕ್ಕೆ ನೆಗೆಯಬಹುದು. ವೈರಿಂಗ್ ಕತ್ತರಿಸಿ ಜೋಡಿಸಿದರೆ ವಾರಂಟಿಗೂ ಕುತ್ತು.

ಸಂತೆ, ಜಾತ್ರೆಯ ಪಾರ್ಕಿಂಗ್‌ನಲ್ಲಿ ಲಾಕ್ ಗುಂಡಿ ಒತ್ತಿ ತಿರುಗಿ ನೋಡದೆ ನಡೆಯಬೇಡಿ. ಹತ್ತಿರದಲ್ಲಿ ಯಾರೋ ಜಾಮರ್ ಹಿಡಿದಿದ್ದರೆ ನಿಮ್ಮ ಸಂಕೇತ ಕಾರಿಗೆ ತಲುಪಿರುವುದೇ ಇಲ್ಲ. ಖಾಸಗಿಯವರು ಜಾಮರ್ ಬಳಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಆದರೆ ಕಳ್ಳನಿಗೆ ಕಾನೂನಿನ ಪಾಠ ಹೇಳುವುದಕ್ಕಿಂತ ಬಾಗಿಲಿನ ಹಿಡಿಯನ್ನು ಒಮ್ಮೆ ಎಳೆದು ನೋಡುವುದು ಸುಲಭ.

ಬ್ಯಾಟರಿ ಮತ್ತು ದೂರ

ಮೊದಲು ಗೇಟಿನಿಂದ ದೂರವೇ ಕೆಲಸ ಮಾಡುತ್ತಿದ್ದ ರಿಮೋಟ್ ಈಗ ಹತ್ತಿರ ಹೋದರಷ್ಟೇ ಕೇಳುತ್ತಿದ್ದರೆ ಬ್ಯಾಟರಿ ಇಳಿದಿದೆ ಎಂದರ್ಥ. ಕೆಲವಕ್ಕೆ 3 ವೋಲ್ಟಿನ ಸಿಆರ್ 2032 ಬಿಲ್ಲೆ, ಕೆಲವಕ್ಕೆ 12 ವೋಲ್ಟಿನ 23ಎ ಅಥವಾ 27ಎ ಪುಟ್ಟ ಸೆಲ್ ಬೇಕು. 27ಎ ತುಸು ಸಣಕಲು, ಆದ್ದರಿಂದ ಹಳೆಯದನ್ನು ಜೊತೆಗೆ ಒಯ್ಯಿರಿ. ಬಿಲ್ಲೆ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು.

ರಿಸೀವರ್‌ನಿಂದ ತೂಗುವ ತುಂಡು ವೈರನ್ನು 'ಚೆಂದ ಕಾಣಲಿ' ಎಂದು ಕತ್ತರಿಸಬೇಡಿ. ಅದೇ ಆಂಟೆನಾ. 433.92 ಮೆಗಾಹರ್ಟ್ಜ್ ತರಂಗದ ಉದ್ದ ಸುಮಾರು 69 ಸೆಂಟಿಮೀಟರ್, ಅದರ ಕಾಲುಭಾಗ ಸುಮಾರು 17 ಸೆಂಟಿಮೀಟರ್ ಆ ವೈರಿನ ಲೆಕ್ಕ. ರಿಸೀವರನ್ನು ಕಬ್ಬಿಣದ ಡಬ್ಬಿಯಲ್ಲಿ ಇಟ್ಟರೂ ದೂರ ಕುಗ್ಗುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವ ಊರು, ಬಿಸಿಲಿನ ಕಾರಿನೊಳಗೆ ರಿಮೋಟ್ ಬಿಡದಿದ್ದರೆ ಬ್ಯಾಟರಿಯೂ ಬಾಳುತ್ತದೆ.

ಕೊಳ್ಳುವಾಗ ಕೇಳಿ

ನವಿ ಪೇಠದಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಯಾವ ಭಾಷೆಯಲ್ಲಾದರೂ ವ್ಯವಹಾರ ನಡೆಯುತ್ತದೆ. ಸಂಕೋಚ ಬೇಡ. "ಸಾವಕಾರ್ರ, ಇದು ರೋಲಿಂಗ್ ಕೋಡ್ ಐತೇನ್ರಿ? ರಿಮೋಟ್ ಕಳದ್ರ ಹಳೇದನ್ನ ಅಳಿಸೋದು ಹ್ಯಾಂಗ್ರಿ?" ಎಂದು ಕೇಳಿಬಿಡಿ. ಫ್ರೀಕ್ವೆನ್ಸಿ, ಬ್ಯಾಟರಿ ಸಂಖ್ಯೆ, ರಿಲೇ ಆಂಪಿಯರ್‌ಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕಾಪಿ ಮಾಡಿಸುವುದಿದ್ದರೆ ನಿಮ್ಮ ಕಣ್ಣೆದುರೇ ಮಾಡಿಸಿ, ಮೂಲ ರಿಮೋಟನ್ನು 'ನಾಳೆ ಬನ್ನಿ' ಎಂದವರ ಬಳಿ ರಾತ್ರಿಯಿಡೀ ಬಿಟ್ಟು ಬರಬೇಡಿ. ಮನೆಯ ಕೀಲಿಯನ್ನು ಹಾಗೆ ಬಿಟ್ಟು ಬರುತ್ತೀರಾ? ಇದೂ ಕೀಲಿಯೇ.