ಘಟ್ಟವಿಳಿಯುವ ಬಸ್ಸೂ ಯಂತ್ರಶಾಸ್ತ್ರದ ವಿದ್ಯಾರ್ಥಿಯೂ

ಘಟ್ಟದ ಮೇಲಿನಿಂದ ಕರಾವಳಿಗೆ ಇಳಿದು ಬರುವ ಎರಡು ಹೆದ್ದಾರಿಗಳು, ಶಿರಾಡಿಯದೊಂದು, ಚಾರ್ಮಾಡಿಯದೊಂದು, ಬಂಟವಾಳದ ಹತ್ತಿರ ಬಿ.ಸಿ.ರೋಡಿನಲ್ಲಿ ಬಂದು ಕೂಡುತ್ತವೆ. ಬಂಟವಾಳ ಕ್ರಾಸ್ ರೋಡ್ ಎಂಬುದೇ ಕಿರಿದಾಗಿ ಈ ಊರಿನ ಹೆಸರಾಗಿದೆ. ದಾರಿ ಕೂಡುವಲ್ಲಿ ವಾಹನಗಳು ನಿಲ್ಲುವುದೂ, ವಾಹನಗಳು ನಿಲ್ಲುವಲ್ಲಿ ಗ್ಯಾರೇಜುಗಳು ಹುಟ್ಟುವುದೂ ಸಹಜವಷ್ಟೆ. ಅಂತಹ ಒಂದು ಗ್ಯಾರೇಜಿನಲ್ಲಿ ನಮ್ಮ ವಾಹನದ ದುರಸ್ತಿಗಾಗಿ ಕಾದು ಕುಳಿತಿದ್ದಾಗ, ಅಲ್ಲಿಯ ಹಿರಿಯ ಕೆಲಸಗಾರರು ಕೈಯೊರಸಿಕೊಳ್ಳುತ್ತ ಬಂದು ನಮ್ಮನ್ನು ಹೀಗೆ ಕೇಳಿದರು:

“ಮಾಸ್ಟ್ರೇ, ಮಗನದ್ದು ಈ ವರ್ಷ ಹತ್ತನೆಯದು ಮುಗಿಯಿತು. ಅವನಿಗೆ ಮೆಕ್ಯಾನಿಕಲ್ಲೇ ಬೇಕಂತೆ. ಡಿಪ್ಲೊಮಾಕ್ಕೆ ಹಾಕುವುದಾ, ಪಿಯುಸಿ ಮಾಡಿಸಿ ಇಂಜಿನಿಯರಿಂಗಿಗೆ ಹಾಕುವುದಾ? ಕರೆಂಟಿನ ಬಸ್ಸು ಬಂದ ಮೇಲೆ ಈ ವಿದ್ಯೆಗೆ ಬೆಲೆಯೇ ಇಲ್ಲ ಎಂದು ಹೇಳುವವರೂ ಉಂಟು.”

ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವವರೂ, ಪದವಿ ಪಡೆದು ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರೂ ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಅವರ ಕಾಲಬುಡದಲ್ಲಿಯೇ ಬಿಚ್ಚಿಟ್ಟಿದ್ದ ಬ್ರೇಕಿನ ಡ್ರಮ್ಮಿನಿಂದ ಹೊರಡೋಣ.

ಹತ್ತು ಟನ್ನು ತೂಕದ ಒಂದು ಬಸ್ಸು ಘಟ್ಟದ ತಲೆಯಿಂದ ಬುಡಕ್ಕೆ ೭೦೦ ಮೀಟರು ಇಳಿಯಿತೆಂದು ಭಾವಿಸಿರಿ. ಎತ್ತರದಲ್ಲಿದ್ದಾಗ ಅದರಲ್ಲಿ ಒಂದು ಶಕ್ತಿ ಅಡಗಿರುತ್ತದೆ. ತೂಕವನ್ನು ಎತ್ತರದಿಂದ ಗುಣಿಸಿದರೆ ಆ ಶಕ್ತಿಯ ಪ್ರಮಾಣ ದೊರೆಯುತ್ತದೆ. ಅದು ೬ ಕೋಟಿ ೮೬ ಲಕ್ಷ ಜೂಲು. ಬಸ್ಸು ಮೇಲೆ ಹೊರಟಾಗ ಎಷ್ಟು ವೇಗದಲ್ಲಿತ್ತೋ ಕೆಳಗೂ ಅಷ್ಟೇ ವೇಗದಲ್ಲಿರಬೇಕಾದರೆ, ಈ ಶಕ್ತಿಯೆಲ್ಲ ದಾರಿಯಲ್ಲಿ ಎಲ್ಲಿಯಾದರೂ ಹೋಗಿರಲೇಬೇಕು. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ. ಇಲ್ಲಿ ಅದು ತಾಳುವ ರೂಪ ಶಾಖ. ನಮ್ಮ ಜಿಲ್ಲೆಯ ಬಚ್ಚಲುಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಐವತ್ತು ಲೀಟರು ಹಿಡಿಯುವ ನಾಲ್ಕು ಹಂಡೆಗಳ ತಣ್ಣೀರನ್ನು ಕುದಿಸಿ ಇನ್ನೂ ಉಳಿಯುವಷ್ಟು ಶಾಖವದು.

ಚಾಲಕನು ಬ್ರೇಕನ್ನೇ ನಂಬಿ ಇಳಿದನೆನ್ನಿರಿ. ನಾಲ್ಕು ಚಕ್ರದ ಡ್ರಮ್ಮುಗಳ ಎರಕದ ಕಬ್ಬಿಣ ಒಟ್ಟು ೨೦೦ ಕಿಲೋ ಎಂದು ಹಿಡಿದರೆ, ಶಾಖವೆಲ್ಲ ಅದರಲ್ಲಿಯೇ ನಿಂತಲ್ಲಿ ಅದು ಸುಮಾರು ೭೦೦ ಡಿಗ್ರಿ ಕಾಯಬೇಕಾಗುತ್ತದೆ. ನಿಜವಾಗಿ ಅಷ್ಟು ಕಾಯುವುದಿಲ್ಲ. ರಸ್ತೆಯ ತಡೆಯೂ ಗಾಳಿಯ ತಡೆಯೂ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಡ್ರಮ್ಮು ಗಾಳಿಗೆ ಆರುತ್ತಲೂ ಇರುತ್ತದೆ. ಆದರೆ ಅದರ ಅರ್ಧದಷ್ಟು ಕಾಯ್ದರೂ ಸಾಕು, ಲೈನರಿನ ಹಿಡಿತ ಕುಗ್ಗುತ್ತದೆ. ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಚಾಲಕನು ಎಷ್ಟು ತುಳಿದರೂ ಬಸ್ಸು ನಿಲ್ಲದು. ಘಟ್ಟದ ತಿರುವಿನಲ್ಲಿ ಇದರ ಫಲವೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಆದುದರಿಂದಲೇ, ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂದು ಹಳೆಯ ಚಾಲಕರು ಕಿರಿಯರಿಗೆ ಹೇಳಿಕೊಡುತ್ತಾರೆ. ಕೆಳಗಿನ ಗೇರಿನಲ್ಲಿ ಚಕ್ರಗಳೇ ಇಂಜಿನ್ನನ್ನು ರಭಸದಿಂದ ತಿರುಗಿಸಬೇಕಾಗುತ್ತದೆ. ಶಕ್ತಿಯ ಒಂದು ದೊಡ್ಡ ಪಾಲು ಅಲ್ಲಿ ವ್ಯಯವಾಗಿ ಹೊಗೆಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಹೊರಬೀಳುತ್ತದೆ. ಹೊಗೆಕೊಳವೆಯನ್ನು ಕವಾಟದಿಂದ ಮುಚ್ಚಿ ಈ ತಡೆಯನ್ನು ಹೆಚ್ಚಿಸುವ ಏರ್ಪಾಡೂ ದೊಡ್ಡ ವಾಹನಗಳಲ್ಲಿ ಉಂಟು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿಗೆ ಹಾಕಿ ಇಳಿಯುವವನು ಈ ಸಹಾಯವನ್ನು ತಾನಾಗಿಯೇ ಕಳೆದುಕೊಂಡು, ಭಾರವನ್ನೆಲ್ಲ ಡ್ರಮ್ಮಿನ ಮೇಲೆ ಹೇರುತ್ತಾನೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗ್ಯಾರೇಜಿನ ಹಿರಿಯರಿಗೆ ಸುಟ್ಟ ಲೈನರಿನ ವಾಸನೆ ಹತ್ತು ಮಾರು ದೂರದಿಂದಲೇ ತಿಳಿಯುತ್ತದೆ. ಮೇಲಿನ ಗುಣಾಕಾರವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಂದು ಕಡೆ, ನಾವು ಪರೀಕ್ಷಕರಾಗಿ ಹೋಗಿದ್ದ ಒಂದು ಕಾಲೇಜಿನಲ್ಲಿ ಉತ್ತಮ ಅಂಕಗಳ ವಿದ್ಯಾರ್ಥಿಯೊಬ್ಬನು ಘರ್ಷಣೆಯ ಸೂತ್ರಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದನು. ಡ್ರಮ್ಮು ಏಕೆ ಕಾಯುತ್ತದೆಂದು ಕೇಳಿದಾಗ ಸುಮ್ಮನಾದನು. ಅವನು ಡ್ರಮ್ಮನ್ನು ಕಂಡೇ ಇರಲಿಲ್ಲ. ತಪ್ಪು ಅವನದಲ್ಲ, ನಮ್ಮಂತಹ ಅಧ್ಯಾಪಕರದು. ಒಬ್ಬರಿಗೆ ಕೈ ಬಂದು ಲೆಕ್ಕ ಬರಲಿಲ್ಲ. ಇನ್ನೊಬ್ಬನಿಗೆ ಲೆಕ್ಕ ಬಂದು ಕೈ ಬರಲಿಲ್ಲ. ಇವೆರಡೂ ಒಬ್ಬನಲ್ಲಿ ಕೂಡಿದಾಗಲೇ ಇಂಜಿನಿಯರು ಹುಟ್ಟುತ್ತಾನೆ. ಯಾವ ದಾರಿಯಿಂದ ಕೂಡಿತೆಂಬುದು ಎರಡನೆಯ ಮಾತು.

ದಾರಿಗಳಿಗೇನೂ ನಮ್ಮಲ್ಲಿ ಕೊರತೆಯಿಲ್ಲ. ಮಂಗಳೂರಿನ ಸರಕಾರಿ ಪಾಲಿಟೆಕ್ನಿಕ್ ೧೯೪೬ರಲ್ಲಿ ಆರಂಭವಾಯಿತು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ೧೯೬೦ರಲ್ಲಿ ಹುಟ್ಟಿ, ೨೦೦೨ರಿಂದ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾಗಿದೆ. ಮೂಡುಬಿದಿರೆಯ ಸಮೀಪದಲ್ಲಿಯೂ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಹತ್ತನೆಯ ತರಗತಿಯಾದವನು ಮೂರು ವರ್ಷದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಬಹುದು. ಇಷ್ಟವಿದ್ದರೆ ಪ್ರವೇಶಪರೀಕ್ಷೆ ಬರೆದು ಪದವಿಯ ಎರಡನೆಯ ವರ್ಷಕ್ಕೇ ಸೇರಬಹುದು. ಹೀಗಿರುವಲ್ಲಿ ಡಿಪ್ಲೊಮಾವನ್ನು ಕೀಳೆಂದು ಎಣಿಸುವುದು ಸಲ್ಲದು. ಕೈಯಿಂದ ಮುಟ್ಟಿ ಕಲಿಯುವ ಸ್ವಭಾವದವನಿಗೆ ಅದೇ ಸರಿಯಾದ ಬಾಗಿಲು. ಗಣಿತದಲ್ಲಿ ಮನಸ್ಸು ನೆಟ್ಟವನು, ಯಂತ್ರಗಳನ್ನು ರಚಿಸಬೇಕೆನ್ನುವವನು ಪಿಯುಸಿಯ ಮೂಲಕ ನೇರವಾಗಿ ಪದವಿಗೆ ಹೋಗಲಿ. ಆದರೆ ರಜೆಯಲ್ಲಿ ಗ್ಯಾರೇಜಿಗೋ ಗಿರಣಿಗೋ ಹೋಗಿ ಕೈ ಮಸಿಮಾಡಿಕೊಳ್ಳಲಿ.

ಈಗಾಗಲೇ ಕೆಲಸದಲ್ಲಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಗಾಳಿಬ್ರೇಕಿನ ಟ್ಯಾಂಕಿನಿಂದ ದಿನವೂ ನೀರನ್ನು ಬಸಿಯಬೇಕೆಂಬುದು ಗ್ಯಾರೇಜಿನ ಕಟ್ಟಳೆ. ಕರಾವಳಿಯ ತೇವದ ಗಾಳಿಯನ್ನು ಒತ್ತಿ ತಣಿಸಿದಾಗ ಅದರ ಆವಿ ನೀರಾಗಿ ಇಳಿಯುತ್ತದೆಂದು ತಿಳಿದವನು, ಮಳೆಗಾಲದಲ್ಲಿ ಆ ಕಟ್ಟಳೆಯನ್ನು ಇನ್ನಷ್ಟು ಬಿಗಿಮಾಡುತ್ತಾನೆ. ಕಾರಣ ತಿಳಿಯದವನು ಕಟ್ಟಳೆಯನ್ನು ಒಂದು ದಿನ ಮರೆಯುತ್ತಾನೆ.

ಇನ್ನು ವಿದ್ಯುತ್ತಿನ ಬಸ್ಸಿನ ಭಯ. ಅದರಲ್ಲಿ ಪಿಸ್ಟನ್ನಿಲ್ಲ, ಇಂಜೆಕ್ಟರಿಲ್ಲ. ಇವನ್ನೇ ನಂಬಿದವರ ಕೆಲಸಕ್ಕೆ ಕುತ್ತು ಬರುವುದು ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಸೀಮೆ ಇಂತಹ ಬದಲಾವಣೆಯನ್ನು ಹಿಂದೆಯೂ ಕಂಡಿದೆ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅಲ್ಲಿಂದ ಹೊಳೆಯ ದಡಗಳಲ್ಲಿ ಹಬ್ಬಿದ ಆ ಕಸುಬು ಕಾಂಕ್ರೀಟಿನ ಮಾಡು ಬಂದ ಮೇಲೆ ಕುಗ್ಗಿತು. ಹೆಂಚಿನ ಅಚ್ಚನ್ನು ಮಾತ್ರ ಬಲ್ಲವನ ವಿದ್ಯೆ ಅಚ್ಚಿನೊಡನೆಯೇ ಮುಗಿಯುತ್ತದೆ. ಬೇರಿಂಗು ಏಕೆ ಸವೆಯುತ್ತದೆಂಬುದನ್ನು ಬಲ್ಲವನ ವಿದ್ಯೆ ಯಾವ ಗಿರಣಿಯಲ್ಲಿಯೂ ಸಲ್ಲುತ್ತದೆ.

ಮತ್ತೆ ನಮ್ಮ ಘಟ್ಟದ ಲೆಕ್ಕವನ್ನೇ ನೋಡಿರಿ. ಆ ೬ ಕೋಟಿ ೮೬ ಲಕ್ಷ ಜೂಲನ್ನು ಮನೆಯ ವಿದ್ಯುತ್ ಬಿಲ್ಲಿನ ಭಾಷೆಗೆ ತಿರುಗಿಸಿದರೆ ೧೯ ಯೂನಿಟ್ಟಾಗುತ್ತದೆ. ಡೀಸೆಲ್ ಬಸ್ಸು ಅದನ್ನು ಶಾಖವಾಗಿ ಚೆಲ್ಲುತ್ತದೆ. ವಿದ್ಯುತ್ ಬಸ್ಸು ಇಳಿಯುವಾಗ ಅದರ ಮೋಟಾರೇ ಡೈನಮೋ ಆಗಿ, ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಅರ್ಧ ಹಿಂದಿರುಗಿದರೂ ಒಂಬತ್ತೂವರೆ ಯೂನಿಟ್ಟು ಲಾಭ. ಆದರೆ ಘಟ್ಟದ ಮೇಲೆಯೇ ಬ್ಯಾಟರಿ ತುಂಬಿದ್ದರೆ ಆ ಶಕ್ತಿಯನ್ನು ಎಲ್ಲಿ ಇಡುವುದು? ಬ್ಯಾಟರಿ ಕಾಯ್ದರೆ ತಣಿಸುವುದು ಹೇಗೆ? ತುಂಬಿದ ಬ್ಯಾಟರಿಯ ದಿನ ಡ್ರಮ್ಮು ಎಷ್ಟು ದಪ್ಪವಿರಬೇಕು? ಇವೆಲ್ಲ ಯಂತ್ರಶಾಸ್ತ್ರದ ಪ್ರಶ್ನೆಗಳೇ. ಯಂತ್ರ ಬದಲಾಯಿತು, ಶಕ್ತಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಬದಲಾಗಲಿಲ್ಲ.

ನಾವು ಗ್ಯಾರೇಜಿನಲ್ಲಿ ಈ ಲೆಕ್ಕವನ್ನು ಒಂದು ಹಳೆಯ ರಸೀದಿಯ ಬೆನ್ನಿನ ಮೇಲೆ ಬರೆದು ತೋರಿಸುತ್ತಿದ್ದಾಗ ಹುಡುಗನೂ ಬಂದು ನಿಂತಿದ್ದನು. ಒಂದೊಂದು ಡ್ರಮ್ಮು ೫೦ ಕಿಲೋ ಎಂದು ನೀವು ಹಿಡಿದದ್ದು ಹೇಗೆ ಎಂದು ಕೇಳಿದನು. ಅಂದಾಜೆಂದು ಒಪ್ಪಿಕೊಂಡೆವು. ಅವನು ಮಾತನಾಡದೆ ಎರಡು ಹಳೆಯ ಡ್ರಮ್ಮುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಪಕ್ಕದ ಗುಜರಿ ಅಂಗಡಿಯ ತಕ್ಕಡಿಗೆ ಒಯ್ದನು. ತಿರುಗಿ ಬಂದು, “ಎದುರಿನದ್ದೂ ಹಿಂದಿನದ್ದೂ ಒಂದೇ ತೂಕ ಅಲ್ಲ ಸರ್. ಹಾಗಾದರೆ ಯಾವುದು ಹೆಚ್ಚು ಕಾಯುತ್ತದೆ?” ಎಂದನು.

ನಾವು ಅವನ ತಂದೆಯ ಕಡೆ ತಿರುಗಿ, ಡಿಪ್ಲೊಮಾಕ್ಕೆ ಹಾಕಿರಿ, ಅಲ್ಲಿಂದ ಮುಂದಕ್ಕೆ ಅವನೇ ಹೋಗುತ್ತಾನೆ ಎಂದೆವು.