ನಗದು ಸಾಗಾಣಿಕೆ ವಾಹನಗಳು: ಪರವಾನಗಿ ಕೋರುವವರ ಗಮನಕ್ಕೆ

ಬ್ಯಾಂಕಿನ ನಗದನ್ನು ಎಟಿಎಂ ಯಂತ್ರಗಳಿಗೆ ಸಾಗಿಸುವ ಕಾರ್ಯವನ್ನು ಖಾಸಗಿ ಸಂಸ್ಥೆಗಳು ನಿರ್ವಹಿಸುತ್ತಿರುವುದು ಸಾರ್ವಜನಿಕರಿಗೆ ತಿಳಿದ ವಿಷಯ. ಇದಕ್ಕಾಗಿ ಭದ್ರತಾ ಸಂಸ್ಥೆಯನ್ನು ನಡೆಸಲಿಚ್ಛಿಸುವವರು ಖಾಸಗಿ ಭದ್ರತಾ ಸಂಸ್ಥೆಗಳ (ವಿನಿಯಮನ) ಅಧಿನಿಯಮ, 2005ರ ಮೇರೆಗೆ ರಾಜ್ಯದ ನಿಯಂತ್ರಣ ಪ್ರಾಧಿಕಾರದಿಂದ ಪರವಾನಗಿ ಪಡೆಯತಕ್ಕದ್ದು. ನಗದು ಸಾಗಾಣಿಕೆಗೆಂದೇ ಕೇಂದ್ರ ಗೃಹ ಮಂತ್ರಾಲಯವು 2018ರ ಆಗಸ್ಟ್ ತಿಂಗಳಲ್ಲಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿದೆ.

ಅರ್ಜಿದಾರರು ಸಾಮಾನ್ಯವಾಗಿ ವಾಹನದ ಬಗ್ಗೆಯೇ ಹೆಚ್ಚು ವಿಚಾರಿಸುತ್ತಾರೆ. ಅದು ತಪ್ಪಲ್ಲ. ಸಿಬ್ಬಂದಿ ಕುಳಿತುಕೊಳ್ಳುವ ಭಾಗ ಮತ್ತು ನಗದು ಇರಿಸುವ ಭಾಗ ಬೇರೆ ಬೇರೆಯಾಗಿರಬೇಕು; ಜಿಪಿಎಸ್ ಉಪಕರಣ, ಸಿಸಿಟಿವಿ ಕ್ಯಾಮೆರಾಗಳು, ಸೈರನ್, ಅಗ್ನಿಶಾಮಕ ಸಾಧನ ಇರಬೇಕು; ನಗದು ಪೆಟ್ಟಿಗೆಗಳನ್ನು ಸರಪಳಿಯಿಂದ ವಾಹನದ ನೆಲಕ್ಕೆ ಬಿಗಿದು ಬೀಗ ಹಾಕಿರಬೇಕು. ಒಂದು ಸರದಿಯಲ್ಲಿ 5 ಕೋಟಿ ರೂಪಾಯಿಗಿಂತ ಹೆಚ್ಚು ನಗದು ಸಾಗಿಸುವಂತಿಲ್ಲ. ನಗರ ಪ್ರದೇಶದಲ್ಲಿ ರಾತ್ರಿ 9 ಗಂಟೆಯ ನಂತರ, ಗ್ರಾಮಾಂತರ ಪ್ರದೇಶದಲ್ಲಿ ಸಂಜೆ 6 ಗಂಟೆಯ ನಂತರ ಎಟಿಎಂಗಳಿಗೆ ನಗದು ತುಂಬಿಸುವಂತಿಲ್ಲ.

ಆದರೆ ಸದರಿ ನಿಯಮಗಳ ತಿರುಳು ಇರುವುದು ವಾಹನದೊಳಗಿನ ಜನರ ವಿಷಯದಲ್ಲಿ. 2016ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಬ್ಯಾಂಕಿನ ಬಳಿ ನಿಂತಿದ್ದ ವಾಹನವನ್ನು ಅದರ ಚಾಲಕನೇ ಒಂದು ಕೋಟಿಗೂ ಹೆಚ್ಚಿನ ನಗದಿನೊಡನೆ ಕೊಂಡೊಯ್ದ ಪ್ರಕರಣ ವರದಿಯಾಗಿತ್ತು. ಅಲ್ಲಿ ಯಾವ ಬೀಗವನ್ನೂ ಹೊರಗಿನವರು ಒಡೆಯಬೇಕಾಗಿರಲಿಲ್ಲ. ಆದುದರಿಂದಲೇ ಚಾಲಕನಲ್ಲದೆ ಇಬ್ಬರು ಸಶಸ್ತ್ರ ಕಾವಲುಗಾರರು ಹಾಗೂ ನಗದಿನ ಹೊಣೆ ಹೊತ್ತ ಇಬ್ಬರು ಅಧಿಕಾರಿಗಳು ಜೊತೆಗಿರಬೇಕೆಂದು ನಿಯಮಿಸಲಾಗಿದೆ. ಒಬ್ಬ ಕಾವಲುಗಾರ ಚಾಲಕನ ಪಕ್ಕದಲ್ಲಿ, ಇನ್ನೊಬ್ಬ ಹಿಂಭಾಗದಲ್ಲಿ ಇರತಕ್ಕದ್ದು. ಊಟ, ಚಹಾ, ಶೌಚದ ವೇಳೆಯಲ್ಲಿಯೂ ಒಬ್ಬ ಸಶಸ್ತ್ರ ಕಾವಲುಗಾರನಾದರೂ ವಾಹನವನ್ನು ಬಿಟ್ಟು ಹೋಗುವಂತಿಲ್ಲ. ಇದು ಕೇಳಲು ಸಣ್ಣ ವಿಷಯವೆನಿಸಬಹುದು.

2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ ಎಟಿಎಂ ಬಳಿ ನಡೆದ ಗುಂಡಿನ ದಾಳಿಯಲ್ಲಿ ನಗದು ತಂದಿದ್ದ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಿಸರ್ವ್ ಬ್ಯಾಂಕ್ ಅಧಿಕಾರಿಗಳ ಸೋಗಿನಲ್ಲಿ ವಾಹನ ತಡೆದವರು 7 ಕೋಟಿ ರೂಪಾಯಿಗೂ ಹೆಚ್ಚು ನಗದನ್ನು ದೋಚಿದರು. ಎರಡೂ ಘಟನೆಗಳು ನಡೆದದ್ದು ಹಗಲಿನಲ್ಲೇ ಎಂಬುದನ್ನು ಗಮನಿಸತಕ್ಕದ್ದು. ಸಮಯದ ನಿರ್ಬಂಧವೊಂದನ್ನೇ ಪಾಲಿಸಿದರೆ ಸಾಲದು. ಪ್ರತಿದಿನ ಅದೇ ವೇಳೆಗೆ ಅದೇ ಮಾರ್ಗದಲ್ಲಿ ಸಂಚರಿಸಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ನೀಡಿದ ಸೂಚನೆಯೂ ಇದೇ ಕಾರಣಕ್ಕಾಗಿ.

ನೇಮಕಾತಿಗೆ ಮುನ್ನ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ, ವಾಸಸ್ಥಳ ಹಾಗೂ ಹಿಂದಿನ ಉದ್ಯೋಗದ ವಿಚಾರಣೆ ಕಡ್ಡಾಯ. ಹಿಂದಿನ ಮಾಲೀಕರನ್ನು ವಾಸ್ತವವಾಗಿ ವಿಚಾರಿಸದೆ ಕೇವಲ ಪ್ರಮಾಣಪತ್ರದ ಪ್ರತಿ ಇರಿಸಿಕೊಳ್ಳುವುದು ಪರಿಶೀಲನೆ ಎನಿಸದು.

ಪರವಾನಗಿ ಶುಲ್ಕವು ಒಂದು ಜಿಲ್ಲೆಗೆ ರೂ. 5,000, ಐದು ಜಿಲ್ಲೆಗಳವರೆಗೆ ರೂ. 10,000 ಮತ್ತು ಇಡೀ ರಾಜ್ಯಕ್ಕೆ ರೂ. 25,000 ಎಂದು ಅಧಿನಿಯಮದಲ್ಲಿಯೇ ನಿಗದಿಯಾಗಿದೆ. ಪರವಾನಗಿಯ ಅವಧಿ 5 ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಕನಿಷ್ಠ 45 ದಿನಗಳ ಮುಂಚಿತವಾಗಿ ಸಲ್ಲಿಸತಕ್ಕದ್ದು.